ದೀಪಕ್ಕೆ ಫ್ಲಾಶ್ ಹೊಡೀಬ್ಯಾಡ್ರಿ

1/6
ಮೊದಲ ಫೋಟೋ ಹೋದ ವರ್ಷದ್ದು, ನನ್ನದೇ. ಧಾರವಾಡ, ಕಾರ್ತಿಕದ ಸಂಜೆ, ಸ್ವೆಟರ್ ಹಾಕೋವಷ್ಟು ಥಂಡಿ, ಮೈದಾನದ ತುಂಬ ಆಕಾಶಬುಟ್ಟಿ. ಕರಾವಳಿಯವರು ಗೂಡುದೀಪ ಅಂತಾರಲ್ಲ, ಅದೇ. ನಾನು ಫ್ಲಾಶ್ ಹಾಕಿ ಹೊಡೆದೆ, ಬಣ್ಣ ಏರಿಸಿದೆ, ಪೋಸ್ಟ್ ಮಾಡಿದೆ. ಆ ವರ್ಷ ನನಗೆ ಅತಿ ಹೆಚ್ಚು ಲೈಕ್ ಬಂದದ್ದು ಇದಕ್ಕೇ. ನಿಮ್ಮಲ್ಲೇ ಎಷ್ಟೋ ಮಂದಿ ಬೆಂಕಿ ಇಮೋಜಿ ಹಾಕಿದ್ರಿ. ಆ ಬುಟ್ಟಿ ಕಟ್ಟಿದವರು ನಮ್ಮ ಓಣಿಯ ಅಜ್ಜಿ. ಅವರಿಗೂ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿ ಅಂದ್ರು: "ಚಂದ ಐತಿ ತಮ್ಮಾ. ಆದ್ರ ಇದರಾಗ ದೀಪಾನ ಇಲ್ಲಲ್ಲೋ."

2/6
ಅಜ್ಜಿ ಹೇಳಿದ್ದು ಸರಿ. ಆಕಾಶಬುಟ್ಟಿ ಅಂದ್ರೆ ಬಿದಿರಿನ ಕಡ್ಡಿ, ತೆಳು ಬಣ್ಣದ ಹಾಳೆ, ಮೈದಾ ಅಂಟು, ಕೆಳಗೆ ಒಂದಿಷ್ಟು ಬಾಲಂಗೋಚಿ. ಇಷ್ಟೇ. ಅದರ ಚಂದ ಇರೋದು ಒಳಗಿನ ಬೆಳಕು ಹಾಳೆ ದಾಟಿ ಹೊರಗೆ ಬರೋದ್ರಲ್ಲಿ. ಫ್ಲಾಶ್ ಹೊಡೆದ್ರೆ ನಿಮ್ಮ ಬೆಳಕು ಹಾಳೆಗೆ ಬಡಿದು ನಿಮ್ಮ ಕಡೆಗೇ ವಾಪಸ್ ಬರುತ್ತೆ. ಕಾಣೋದು ಹಾಳೆಯ ಸುಕ್ಕು, ಅಂಟಿನ ಕಲೆ. ಉರಿಯೋ ದೀಪವನ್ನೇ ಫೋಟೋದಲ್ಲಿ ಆರಿಸಿಬಿಟ್ಟಿರ್ತೀವಿ.

3/6
"ಒಂದು ಫೋಟೋದಿಂದ ಏನಾಗುತ್ತೆ ಬಿಡೋ" ಅಂತೀರಾ? ಈ ಫೋಟೋ ನೋಡಿ, ಈ ವರ್ಷದ್ದು. ಅದೇ ಮೈದಾನ. ಕಂಬದ ಮೇಲೆ ಎರಡು ಫ್ಲಡ್‌ಲೈಟ್. ಯಾಕೆ ಅಂತ ಕೇಳಿದೆ. "ಫೋಟೋ ಚಲೋ ಬರ್ತಾವ್ರಿ" ಅಂದ್ರು. ಮುಂದಿನ ಸಾಲಲ್ಲಿ ಮಿರಮಿರ ಮಿಂಚೋ ಪ್ಲಾಸ್ಟಿಕ್ ಬುಟ್ಟಿ, ಹಾಳೆಯವು ಹಿಂದೆ. ಅಜ್ಜಿಯ ಬುಟ್ಟಿಯಲ್ಲಿ ಬಲ್ಬ್ ಹೊತ್ತಿತ್ತು, ಆದರೆ ಹತ್ತಿರ ಹೋಗಿ ಬಗ್ಗಿ ನೋಡಿದರಷ್ಟೇ ಗೊತ್ತಾಗೋದು. ಸಂಘಟಕರನ್ನು ಬೈದು ಏನುಪಯೋಗ? ನಾವು ಯಾವುದಕ್ಕೆ ಲೈಕ್ ಒತ್ತಿದ್ವೋ ಅದನ್ನೇ ಅವರು ತಂದು ಕೊಟ್ಟರು. ಆ ಕಂಬಕ್ಕೆ ಲೈಟ್ ಕಟ್ಟಿದವರಲ್ಲಿ ನಾನೂ ಒಬ್ಬ, ನೀವೂ ಒಬ್ಬರು.

4/6
ಫೋನ್ ಕಿಸೆಯಲ್ಲಿಡಿ ಅನ್ನೋ ಉಪದೇಶ ಅಲ್ಲ ಇದು. ತೆಗೀರಿ, ನೂರು ತೆಗೀರಿ. ಎಡಿಟ್ ಮಾಡೋದೂ ತಪ್ಪಲ್ಲ. ಆದರೆ ದೀಪದ ಫೋಟೋದಲ್ಲಿ ಬೆಳಕು ದೀಪದ್ದೇ ಆಗಿರಲಿ. "ಕತ್ತಲಲ್ಲಿ ಮಂದಿ ಎಡವಿ ಬೀಳ್ತಾರೆ" ಅಂತ ಒಬ್ಬರು ವಾದಿಸಿದರು. ನಿಜ, ದಾರಿಗೆ ಬೆಳಕು ಬೇಕು. ಹಾಗಾದ್ರೆ ಅದು ನೆಲದ ಹತ್ತಿರ, ದಾರಿ ಕಡೆ ಮುಖ ಮಾಡಿ ಇರಲಿ. ಬುಟ್ಟಿಯ ಮುಖಕ್ಕೆ ಯಾಕೆ?

5/6
ಹೇಗೆ ತೆಗೀಬೇಕು? ದುಬಾರಿ ಕ್ಯಾಮೆರಾ ಬೇಡ.
• ಬೇಗ ಹೋಗಿ. ಈಗ ಆರಕ್ಕೆ ಸ್ವಲ್ಪ ಮುಂಚೆನೇ ಹೊತ್ತು ಮುಳುಗುತ್ತೆ. ಆರೂ ಹತ್ತರಿಂದ ಆರೂವರೆ ತನಕ ಆಕಾಶ ಇನ್ನೂ ನೀಲಿ. ಆ ನೀಲಿ ಮುಂದೆ ಹಳದಿ ಬುಟ್ಟಿ ಹೇಗೆ ಕಾಣುತ್ತೆ, ನೀವೇ ನೋಡಿ.
• ಪರದೆ ಮೇಲೆ ಬುಟ್ಟಿಯನ್ನೇ ಒತ್ತಿ ಹಿಡಿದು ಬ್ರೈಟ್‌ನೆಸ್ ಕೆಳಗೆ ಎಳೀರಿ. ಸುತ್ತ ಕತ್ತಲೆ ಇದ್ರೆ ಫೋನ್ ಇಡೀ ಚಿತ್ರ ಬೆಳಗಿಸೋಕೆ ಹೋಗಿ ಬುಟ್ಟಿಯನ್ನ ಬಿಳಿ ಉಂಡೆ ಮಾಡುತ್ತೆ.
• ನೈಟ್ ಮೋಡ್ ಆಫ್. ಅದು ಹಲವು ಫ್ರೇಮ್ ಜೋಡಿಸುತ್ತೆ. ಗಾಳಿಗೆ ತೂಗೋ ಬಾಲಂಗೋಚಿ ಕಲಸಿಹೋಗುತ್ತೆ.
• ಎಲ್‌ಇಡಿ ಬಲ್ಬಿದ್ದು ಪಟ್ಟೆ ಪಟ್ಟೆ ಬಂದ್ರೆ ಪ್ರೊ ಮೋಡಲ್ಲಿ ಶಟರ್ 1/50 ಅಥವಾ 1/100 ಇಡಿ. ನಮ್ಮ ಕರೆಂಟ್ 50 ಹರ್ಟ್ಸ್.
• ಚಳಿಗೆ ಕೈ ನಡುಗಿದ್ರೆ ಗೋಡೆಗೋ ಗೆಳೆಯನ ಹೆಗಲಿಗೋ ಆನಿಸಿ.

6/6
ಕೊನೆ ಫೋಟೋ ಮೊನ್ನೆ ತೆಗೆದದ್ದು, ಅಜ್ಜಿಯ ಮನೆ ಮುಂದೆ. ಮುಕ್ಕಾಲು ಪಾಲು ಕಪ್ಪು, ನಡುವೆ ಒಂದು ಕೆಂಪು ಬುಟ್ಟಿ. ಇದಕ್ಕೆ ಲೈಕ್ ಬರಲ್ಲ ಅಂತ ಗೊತ್ತು. ಅಜ್ಜಿ ನೋಡಿ, "ಹಾಂ, ಇದು ನಂದು" ಅಂದ್ರು.

ಕಾರ್ತಿಕ ಮುಗಿಯೋಕೆ ಇನ್ನೂ ದಿನ ಇದೆ. ನಾಳೆ ಹೋದವರು ಸಂಘಟಕರನ್ನ ಒಂದು ಮಾತು ಕೇಳಿ: "ಅರ್ಧ ತಾಸು ಫ್ಲಡ್‌ಲೈಟ್ ಆರಿಸ್ತೀರಾ ಸರ್?" ಒಬ್ಬ ಕೇಳಿದ್ರೆ ನಗ್ತಾರೆ. ಇಡೀ ಕ್ಲಾಸ್ ಹೋಗಿ ಕೇಳಿದ್ರೆ ಆರಿಸ್ತಾರೆ. ಬರೋರು ಕೆಳಗೆ ಹೆಸರು ಹಾಕಿ. ಆರು ಗಂಟೆಗೆ ಗೇಟ್ ಹತ್ತಿರ ಇರ್ತೀನಿ.

#ಆಕಾಶಬುಟ್ಟಿ #ಕಾರ್ತಿಕ #ಧಾರವಾಡ #ಫ್ಲಾಶ್‌ಬೇಡ