ಕದ್ದು ಬಳಸುವಂತೆ ಮಾಡಿದವರು ಯಾರು?

ಕಂಪನಿಗಳ ಮ್ಯಾನೇಜರುಗಳೇ, ಆಫೀಸಿನ ಲ್ಯಾಪ್‌ಟಾಪಿನಲ್ಲಿ ಚಾಟ್‌ಜಿಪಿಟಿಯನ್ನು ಬ್ಲಾಕ್ ಮಾಡಿಸಿ ನೀವು ನಿಶ್ಚಿಂತರಾಗಿದ್ದೀರಿ. ನಿಮ್ಮ ಹುಡುಗರು ಅದನ್ನೇ ಸ್ವಂತ ಮೊಬೈಲಿನಲ್ಲಿ ತೆರೆದು, ಗ್ರಾಹಕರ ದೂರುಪತ್ರದ ಫೋಟೊ ಹೊಡೆದು ಹಾಕಿ ಉತ್ತರ ಬರೆಸಿಕೊಳ್ಳುತ್ತಿದ್ದಾರೆ. ನಿಮಗಿದು ಗೊತ್ತಿಲ್ಲವೇ? ನಾಳೆಗೆ ಬೇಕೆಂದ ವರದಿ ಇಂದು ಮಧ್ಯಾಹ್ನವೇ ಬಂದಾಗ, ಹೇಗಪ್ಪಾ ಮುಗಿಸಿದೆ ಎಂದು ನೀವು ಕೇಳಲಿಲ್ಲ. ಕೇಳದಿದ್ದರೇ ಲಾಭ ಎಂದುಕೊಂಡಿರಿ.

2023ರಲ್ಲಿ ಸ್ಯಾಮ್‌ಸಂಗ್‌ನ ಎಂಜಿನಿಯರುಗಳು ಕಂಪನಿಯ ಗುಟ್ಟಿನ ಸೋರ್ಸ್ ಕೋಡನ್ನು ಚಾಟ್‌ಜಿಪಿಟಿಗೆ ಪೇಸ್ಟ್ ಮಾಡಿದ್ದು ದೊಡ್ಡ ಸುದ್ದಿಯಾಯಿತು. ಅವರೇನು ಕಳ್ಳರಲ್ಲ, ಕೆಲಸ ಬೇಗ ಮುಗಿಸಲು ಹೊರಟವರು. ಅದೇ ವರ್ಷದ ಮೇ ತಿಂಗಳಲ್ಲಿ ಕಂಪನಿ ನಿಷೇಧ ಹೇರಿತು. 2025ರ ಜನವರಿಯಲ್ಲಿ ನಮ್ಮ ಕೇಂದ್ರ ಹಣಕಾಸು ಸಚಿವಾಲಯವೂ ಕಚೇರಿಯ ಕಂಪ್ಯೂಟರುಗಳಲ್ಲಿ ಎಐ ಆ್ಯಪ್‌ ಬಳಸಬೇಡಿ ಎಂದಿತು. ನಿಷೇಧಕ್ಕೆ ಕಾರಣವಿದೆ, ಒಪ್ಪೋಣ. ಆದರೆ ಬೇರೆ ದಾರಿ ಕೊಡದೆ ಬೇಡವೆಂದರೆ ಬಳಕೆ ನಿಲ್ಲುವುದಿಲ್ಲ, ನಿಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ಕೋಡ್ ಹೋದರೆ ನಷ್ಟ ಕಂಪನಿಯದು. ಸಾಲಕ್ಕೆ ಅರ್ಜಿ ಹಾಕಿದ ರೈತನ ಪಹಣಿ, ಆಧಾರ್ ನಂಬರು ಹೋದರೆ? ಲ್ಯಾಬಿಗೆ ರಕ್ತ ಕೊಟ್ಟು ಬಂದ ಹೆಣ್ಣುಮಗಳ ರಿಪೋರ್ಟ್ ಹೋದರೆ? ನಿಮ್ಮನ್ನು ನಂಬಿ ಕೊಟ್ಟದ್ದು ಯಾರದೋ ಸರ್ವರ್ ಸೇರಿತೆಂಬುದು ಅವರಿಗೆ ತಿಳಿಯುವುದೂ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೊಣೆ ಹೊರಿಸಿರುವುದು ಸಂಸ್ಥೆಯ ಮೇಲೆ. ಮಾಹಿತಿ ಕಾಯದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಹೊಣೆ ನಿಮ್ಮದಾಗಿರುವಾಗ ಟ್ರೈನಿಯೊಬ್ಬನನ್ನು ಮನೆಗೆ ಕಳಿಸಿ ಕೈತೊಳೆದುಕೊಳ್ಳುವುದು ಯಾವ ನ್ಯಾಯ?

ಹಾಗಾಗಿ ಇನ್ನೊಂದು ಎಚ್ಚರಿಕೆಯ ಮೇಲ್ ಕಳಿಸಬೇಡಿ. (ಹಿಂದಿನದನ್ನು ಪೂರ್ತಿ ಓದಿದವರಿದ್ದರೆ ಕೈ ಎತ್ತಲಿ!) ಟೀಮನ್ನು ಕೂರಿಸಿಕೊಂಡು, ಏನು ಬಳಸುತ್ತೀರಿ, ಯಾವ ಕೆಲಸಕ್ಕೆ, ಯಾಕೆ ಎಂದು ಕೇಳಿ. ನಿಜ ಹೇಳಿದವರ ಮೇಲೆ ಅಪ್ರೈಸಲ್‌ನಲ್ಲಿ ಸೇಡು ತೀರಿಸಿಕೊಳ್ಳಬೇಡಿ. ನಮ್ಮ ಮಾಹಿತಿಯನ್ನು ನಿಮ್ಮ ಎಐಗೆ ಕಲಿಸಲು ಬಳಸುವಂತಿಲ್ಲ ಎಂದು ಎಐ ಕಂಪನಿಯೊಂದಿಗೆ ಕರಾರು ಮಾಡಿಕೊಂಡು, ದುಡ್ಡು ಕೊಟ್ಟು ಒಂದು ಒಳ್ಳೆಯ ಸಾಧನ ತಂದುಕೊಡಿ. ಅದಕ್ಕೂ ಬಜೆಟ್ ಇಲ್ಲವೇ? ಡೆಡ್‌ಲೈನನ್ನಾದರೂ ಸಡಿಲಿಸಿ.

ಕಂಪ್ಯೂಟರ್ ಮುಂದೆ ಕೂತ ತಮ್ಮಂದಿರೇ, ತಂಗಿಯರೇ, ನಿಮ್ಮ ಮೇಲಿನ ಒತ್ತಡ ಸುಳ್ಳಲ್ಲ. ಆದರೂ ಆ ಪಹಣಿ, ಆ ರಿಪೋರ್ಟ್ ನಿಮ್ಮ ಸ್ವತ್ತಲ್ಲ. ಅನುಮತಿಯಿಲ್ಲದ ಆ್ಯಪ್‌ಗೆ ಅವನ್ನು ಹಾಕಬೇಡಿ. ಸಮಯ ಸಾಲದಿದ್ದರೆ ಮ್ಯಾನೇಜರ್ ಬಳಿ ಹೋಗಿ, ಬಾಯಿಬಿಟ್ಟು ಇನ್ನೊಂದು ದಿನ ಕೇಳಿ.