ಗ್ಲೌಸು ಹಾಕಿದ ಕೈಗೆ ನಾಜಲ್ ಬಿಚ್ಚೋಕೆ ಬರುತ್ತಾ?



ಔಷಧಿ ಹೊಡೆಯುವವನಿಗೆ ವಿಷ ಏರಿದರೆ ಅಧಿಕಾರಿಗಳ ಬಾಯಲ್ಲಿ ಮೊದಲು ಬರುವ ಮಾತು, "ಗ್ಲೌಸು ಹಾಕಿರಲಿಲ್ಲ." 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಔಷಧಿ ಹೊಡೆದು 20ಕ್ಕೂ ಹೆಚ್ಚು ರೈತರು, ಕೂಲಿಕಾರರು ಸತ್ತಾಗಲೂ ಇದೇ ರಾಗ ಕೇಳಿಬಂತು. ಹಾಕಿರಲಿಲ್ಲ, ಸರಿ. ಯಾಕೆ ಹಾಕಿರಲಿಲ್ಲ ಅಂತ ಕೇಳಿದವರು ಯಾರು?

ದಪ್ಪ ರಬ್ಬರ್ ಗ್ಲೌಸು ಹಾಕಿಕೊಂಡು, ಕಟ್ಟಿಕೊಂಡ ನಾಜಲ್ ಒಂದನ್ನು ಬಿಚ್ಚಿ ನೋಡಿ. ಒಳಗಿನ ಬಿಲ್ಲೆ ಹಳೇ ನಾಲ್ಕಾಣೆಯಷ್ಟೂ ಇಲ್ಲ. ಬೆರಳಿಗೆ ಸ್ಪರ್ಶವೇ ತಿಳಿಯದು. ಎಷ್ಟು ಬಿಗಿ ಹಿಡಿದಿದ್ದೇವೆ ಅನ್ನೋದು ಗೊತ್ತಾಗದೆ ಬೇಕಾದ್ದಕ್ಕಿಂತ ಜೋರಾಗಿ ಹಿಡಿಯುತ್ತೇವೆ, ಮುಂಗೈ ಸೋಲುತ್ತದೆ. ಅಳತೆ ದೊಡ್ಡದಾದರೆ ಗ್ಲೌಸಿನ ತುದಿಯೇ ಮಡಚಿ ಸಿಕ್ಕಿಕೊಳ್ಳುತ್ತದೆ. ಹೆಣ್ಣುಮಕ್ಕಳ ಪಾಡು ಕೇಳಲೇಬೇಡಿ. ಆಗೇನು ಮಾಡ್ತಾರೆ? ಗ್ಲೌಸು ಕಿತ್ತು ಬರಿಗೈಯಲ್ಲಿ ಬಿಚ್ತಾರೆ, ಕೆಲವರು ಬಾಯಲ್ಲಿ ಊದ್ತಾರೆ. ಆಮೇಲೆ ಅದೇ ಒದ್ದೆ ಕೈಯನ್ನು ಗ್ಲೌಸಿನೊಳಗೆ ತೂರಿಸ್ತಾರೆ. ಈಗ ವಿಷವೂ ಒಳಗೆ, ಬೆವರೂ ಒಳಗೆ.

ಇನ್ನು ಕೂಲಿ. ಕ್ಯಾನಿಗೆ ಇಷ್ಟು ಅಂತ ಮಾತಾದ ಮೇಲೆ ಕೈ ನಿಧಾನವಾದರೆ ದುಡ್ಡೂ ಕಮ್ಮಿ. ಹೊಲದ ಯಜಮಾನರು ಇಲ್ಲಿ ಮುಖ ತಿರುಗಿಸಬಾರದು. ದಿನದ ಲೆಕ್ಕದಲ್ಲಿ ಕೂಲಿ ಕೊಟ್ಟು ನೋಡಿ, ಗ್ಲೌಸು ಕೈಯಲ್ಲಿ ನಿಲ್ಲುತ್ತದೆ.

1971ರ ಕೀಟನಾಶಕ ನಿಯಮಗಳಲ್ಲಿ ಗ್ಲೌಸಿನ ಮಾತಿದೆ. ಕಾಗದದಲ್ಲಿ ಎಲ್ಲಾ ಇದೆ, ಅಂಗಡಿಯಲ್ಲಿ ಏನಿದೆ? ನೈಟ್ರೈಲ್ ಅನ್ನುವ ರಬ್ಬರಿನ ಗ್ಲೌಸು ಅಷ್ಟು ದಪ್ಪವಿಲ್ಲದೆಯೂ ಬಹಳಷ್ಟು ಔಷಧಿ ತಡೆಯುತ್ತದೆ, ಬೆರಳೂ ಆಡುತ್ತದೆ. ಆಸ್ಪತ್ರೆಯ ತೀರಾ ತೆಳು ಗ್ಲೌಸು ಬೇಗ ಹರಿಯುತ್ತದೆ. ಬಟ್ಟೆಯದು, ಚರ್ಮದ್ದು ಬೇಡವೇ ಬೇಡ. ವಿಷ ಹೀರಿಕೊಂಡು ಮೈಗೇ ಅಂಟಿಸಿಡುತ್ತವೆ. ಡಬ್ಬಿಯಿಂದ ಅಳೆದು ಬೆರೆಸುವಾಗಂತೂ ಗ್ಲೌಸು ತಪ್ಪಿಸಬೇಡಿ, ನೀರು ಬೆರೆಸದ ಔಷಧಿಯ ಉರಿಯೇ ಬೇರೆ. ಕಳಚುವ ಮುಂಚೆ ಗ್ಲೌಸಿನ ಸಮೇತ ಕೈ ತೊಳೀರಿ. ನೀರು ಸೋಸಿ ಹಾಕಿದರೆ ನಾಜಲ್ ಕಟ್ಟೋದೂ ಕಮ್ಮಿ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ವಿಷ ಮಾರುವ ಕಂಪನಿ ಡಬ್ಬಿಯ ಜೊತೆ ಕೈಯಳತೆಯ ಗ್ಲೌಸು ಕೊಡಲಿ. ಬೆಳೆಯ ಖರ್ಚು ಬರೆಯುವಾಗ ಗ್ಲೌಸಿನ ದುಡ್ಡೂ, ಅದರಿಂದ ನಿಧಾನವಾದ ಕೆಲಸದ ಕೂಲಿಯೂ ಸೇರಲಿ. ಮುಂದಿನ ಸಲ ಔಷಧಿ ತರೋಕೆ ಹೋದಾಗ ಸಣ್ಣ ಅಳತೆಯ ನೈಟ್ರೈಲ್ ಗ್ಲೌಸು ಕೇಳಿ. ಇಲ್ಲ ಅಂದರೆ, ಯಾಕಿಲ್ಲ ಅಂತ ಅಲ್ಲೇ ನಿಂತು ಕೇಳಿ.