ಚೌಕಟ್ಟಿನಿಂದ ಹೊರಗುಳಿದ ಟ್ರಾಲಿ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ತೇರದಾಳ, ಮಹಾಲಿಂಗಪುರ, ಜಮಖಂಡಿ, ಮುಧೋಳದ ಸುತ್ತ ರಸ್ತೆ ಬದಿಯಲ್ಲಿ, ಬಯಲಿನಲ್ಲಿ ಗುಡಿಸಲುಗಳು ಏಳುತ್ತವೆ. ನಾಲ್ಕು ಗಳ, ಒಂದು ತಾಡಪತ್ರಿ, ಮೇಲೊಂದಿಷ್ಟು ಒಣ ರವದಿ. ಮಹಾರಾಷ್ಟ್ರದ ಬೀಡ್ ಕಡೆಯಿಂದಲೂ ನಮ್ಮದೇ ವಿಜಯಪುರದ ಕಡೆಯಿಂದಲೂ ಬರುವ ಗ್ಯಾಂಗುಗಳವು. ಕೂಲಿಗಳನ್ನು ಒದಗಿಸುವ ಮುಕಾದಮನಿಂದ ಮುಂಗಡ ಎತ್ತಿದ ಗಂಡ-ಹೆಂಡತಿ ನಸುಕಿನಲ್ಲೇ ಕಬ್ಬು ಕಡಿಯಲು ಹೊರಟರೆ ಗುಡಿಸಲ ಮುಂದೆ ಉಳಿಯುವವರು ಮಕ್ಕಳು. ರಸ್ತೆಯೇ ಅವರ ಅಂಗಳ. ಅಂಥ ಕಡೆ ಈಗ ಕ್ಯಾಮೆರಾ ಹಿಡಿದವರೂ ಬೈಕು ನಿಲ್ಲಿಸುತ್ತಾರೆ.

ಅವರು ತೆಗೆಯುವ ಫೋಟೋ ಹೆಚ್ಚು ಕಡಿಮೆ ಒಂದೇ. ಎಣ್ಣೆ ಕಾಣದ ಕೂದಲು, ಕೆನ್ನೆಯ ಮೇಲೆ ಒಣಗಿದ ಧೂಳು, ಅಗಲ ಕಣ್ಣು. ಕೆಳಗೆ ‘ಮುಗ್ಧತೆ’ ಎಂದೊಂದು ಶೀರ್ಷಿಕೆ. 85 ಎಂಎಂ ಲೆನ್ಸ್ ಹಾಕಿ ಅಪರ್ಚರನ್ನು 1.8ಕ್ಕೆ ತೆರೆದರೆ ಮುಖ ಚೂಪಾಗಿ ನಿಂತು ಹಿಂದಿನದೆಲ್ಲ ಕರಗಿಹೋಗುತ್ತದೆ. ಕರಗಿದ್ದು ಯಾವುದು? ಗುಡಿಸಲು, ಕಬ್ಬು ತುಂಬಿದ ಟ್ರಾಲಿ, ಅದರಾಚೆ ಕಾರ್ಖಾನೆಯ ಚಿಮಣಿ. ಆ ಮಗು ಶಾಲೆಯಲ್ಲಿರದೆ ಇಲ್ಲಿ ಯಾಕಿದೆ ಎಂಬ ಪ್ರಶ್ನೆಗೆ ಉತ್ತರ ಇದ್ದದ್ದೇ ಅಲ್ಲಿ. ಅದನ್ನು ಅಳಿಸಿದ ಮೇಲೆ ಬಡತನ ಮಗುವಿನ ಮೈಬಣ್ಣದ ಹಾಗೆ, ಹುಟ್ಟಿನಿಂದ ಬಂದದ್ದರ ಹಾಗೆ ಕಾಣುತ್ತದೆ. ಫೋಟೋಗ್ರಾಫರನ ಎದೆಯಲ್ಲಿ ಕರುಣೆ ಎಷ್ಟಿತ್ತೆಂದು ಯಾರೂ ಅಳೆಯಲಾರರು. ಅವನು ಚೌಕಟ್ಟಿನಲ್ಲಿ ಏನಿಟ್ಟ, ಏನು ಬಿಟ್ಟ ಎಂಬುದನ್ನು ಮಾತ್ರ ಅಳೆಯಬಹುದು. ಹಾಗಾಗಿ ಕಂಪೋಸಿಷನ್ ಬೇರೆ, ಅಂತಃಕರಣ ಬೇರೆ ಎಂದು ಭಾಗ ಮಾಡುವ ಮಾತನ್ನು ನಾನು ಒಪ್ಪುವುದಿಲ್ಲ.

ಲೂಯಿಸ್ ಹೈನ್ 1908ರಿಂದ ಅಮೆರಿಕದ ಬಾಲಕಾರ್ಮಿಕ ಸಮಿತಿಗಾಗಿ ಹತ್ತಿ ಗಿರಣಿ, ಗಣಿಗಳಲ್ಲಿ ದುಡಿಯುವ ಮಕ್ಕಳ ಫೋಟೋ ತೆಗೆದ. ರಬಕವಿ-ಬನಹಟ್ಟಿಯ ಮಗ್ಗದ ಸದ್ದಿನಲ್ಲಿ ಬೆಳೆದವರು ಅವನ ಗಿರಣಿಯ ಚಿತ್ರಗಳನ್ನು ಒಮ್ಮೆ ನೋಡಬೇಕು. ಕಣ್ಣು ಹಾಯುವವರೆಗೆ ಯಂತ್ರಗಳ ಸಾಲು, ಅದರ ಪಕ್ಕ ಒಬ್ಬಳು ಹುಡುಗಿ. ಯಂತ್ರವಿರುವುದರಿಂದಲೇ ಅವಳೆಷ್ಟು ಚಿಕ್ಕವಳೆಂದು ಗೊತ್ತಾಗುತ್ತದೆ. ಮಕ್ಕಳ ಎತ್ತರವನ್ನು ಅವನು ತನ್ನ ಕೋಟಿನ ಗುಂಡಿಗಳಿಗೆ ಹೋಲಿಸಿ ಗುರುತು ಹಾಕಿಕೊಳ್ಳುತ್ತಿದ್ದ. ಹೆಸರು, ವಯಸ್ಸು ಬರೆದುಕೊಳ್ಳುತ್ತಿದ್ದ. ಒಳಗೆ ಹೋಗಲು ಸುಳ್ಳು ವೇಷ ಹಾಕಿದ್ದೂ ಉಂಟು. ಆದರೆ ಅವನು ಮೋಸ ಮಾಡಿದ್ದು ಮಾಲೀಕರಿಗೆ. ಅಷ್ಟಾದರೂ ಇಡೀ ದೇಶಕ್ಕೆ ನಿಲ್ಲುವಂಥ ಕಾಯ್ದೆ ಬಂದದ್ದು 1938ರಲ್ಲಿ. ಒಂದು ಫೋಟೋ ಲೋಕವನ್ನೇ ಬದಲಿಸುತ್ತದೆ ಎನ್ನುವವರು ಈ 30 ವರ್ಷಗಳ ಲೆಕ್ಕವನ್ನೂ ಹೇಳಬೇಕು.

ನನ್ನ ವಾದಕ್ಕೆ ಎದುರು ನಿಲ್ಲುವ ಚಿತ್ರವೂ ಒಂದಿದೆ. 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ ಬಟಾಣಿ ಕೀಳಲು ಬಂದ ವಲಸೆ ಕೂಲಿಗಳ ಬಿಡಾರದಲ್ಲಿ ಡೊರೊಥಿಯಾ ಲ್ಯಾಂಗ್ ತೆಗೆದ ತಾಯಿ-ಮಕ್ಕಳ ಚಿತ್ರ. ಮೊದಲು ದೂರದಿಂದ, ಗುಡಾರ ಕಾಣುವಂತೆ ತೆಗೆದು, ಹತ್ತಿರ ಹತ್ತಿರ ಸರಿಯುತ್ತ ಹೋದಳು. ಲೋಕಕ್ಕೆ ನೆನಪುಳಿದದ್ದು ಗುಡಾರದ ಗುರುತೇ ಸಿಗದ ಚಿತ್ರ. ಹಾಗಾದರೆ ಮುಖವೇ ಗೆದ್ದಿತಲ್ಲ? ಗೆದ್ದಿತು, ನಿಜ. ಆದರೆ ಅದರಲ್ಲಿ ತಾಯಿಯ ಭುಜಕ್ಕೆ ಒರಗಿದ ಇಬ್ಬರು ಮಕ್ಕಳೂ ನಮಗೆ ಬೆನ್ನು ತಿರುಗಿಸಿದ್ದಾರೆ. ಆ ಮಕ್ಕಳ ಮುಖ ತೋರಿಸದೆಯೂ ಚಿತ್ರ ಅಷ್ಟು ಬಲವಾಗಬಲ್ಲದು. ಇನ್ನೊಂದು ಮಾತು: ಪತ್ರಿಕೆಯಲ್ಲಿ ಸುದ್ದಿ ಬಂದು ಸರ್ಕಾರದ ಆಹಾರ ಆ ಬಿಡಾರ ಮುಟ್ಟುವ ಹೊತ್ತಿಗೆ ಆ ತಾಯಿ ಮಕ್ಕಳನ್ನು ಕರೆದುಕೊಂಡು ಮುಂದಿನೂರಿಗೆ ಹೊರಟುಹೋಗಿದ್ದಳು. ಲ್ಯಾಂಗ್ ಅವಳ ಹೆಸರನ್ನೂ ಕೇಳಿರಲಿಲ್ಲ.

ಮಕ್ಕಳ ಮುಖ ತೋರಿಸುವ ವಿಷಯದಲ್ಲಿ ನಮ್ಮಲ್ಲಿ ಕಾಯ್ದೆಯೇ ಇದೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಪಾಲನೆ, ರಕ್ಷಣೆ ಬೇಕಾದ ಮಗುವಿನ ಗುರುತು ಸಿಗುವಂಥ ಚಿತ್ರ ಪ್ರಕಟಿಸಿದರೆ 6 ತಿಂಗಳವರೆಗೆ ಸಜೆ, ಇಲ್ಲವೆ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮನೆಯಿಲ್ಲದೆ ಕಂಡುಬಂದ, ಬೇಡುವ, ಕಾಯ್ದೆ ಮೀರಿ ದುಡಿಯುವ ಮಕ್ಕಳು ಆ ಗುಂಪಿಗೇ ಸೇರುತ್ತಾರೆ. ಮೊಬೈಲಿನಲ್ಲಿ ಹಾಕುವುದೂ ಪ್ರಕಟಣೆಯೇ. ಹಾಗೆಂದು ಕಣ್ಣಿನ ಮೇಲೆ ಕಪ್ಪುಪಟ್ಟಿ ಎಳೆದರೆ ಮಗು ಕಳ್ಳನಂತೆ ಕಾಣುತ್ತದೆ. ಅದಕ್ಕಿಂತ ಬೆನ್ನು, ಕೈ, ರವದಿಯ ಮೇಲೆ ಬಿಟ್ಟ ಚಪ್ಪಲಿ, ಹರಿದ ಪಾಟೀಚೀಲ – ಇವನ್ನು ಹುಡುಕುವುದು ಲೇಸು. ಕಷ್ಟದ ಕೆಲಸ ಅದು. ಮುಖ ಸಿಕ್ಕರೆ ಅರ್ಧ ಕೆಲಸ ಮುಖವೇ ಮಾಡಿಬಿಡುತ್ತದೆ.

ಒಪ್ಪಿಗೆಯ ಪ್ರಶ್ನೆ ಇನ್ನೂ ತೊಡಕಿನದು. ಹಗಲು ಹೋದರೆ ತಾಯಿ-ತಂದೆ ಹೊಲದಲ್ಲಿರುತ್ತಾರೆ. ಮುಕಾದಮ ‘ತಗೀರಿ, ಏನಾಗೂದಿಲ್ರಿ’ ಎನ್ನುತ್ತಾನೆ. ಅದು ಒಪ್ಪಿಗೆಯಲ್ಲ, ಅವನಿಗೆ ಆ ದಂಪತಿ ಸಾಲಗಾರರು. ಸಂಜೆ ಅವರು ಮರಳುವವರೆಗೆ ಕಾಯಬೇಕು. (ಫೋಟೋ ತೆಗೆಯುವವರಿಗೆ ಸಂಜೆ ಬೆಳಕೆಂದರೆ ಹೇಗೂ ಪ್ರಾಣ, ನಷ್ಟವೇನಿಲ್ಲ.) ಇನ್ನು ಮಕ್ಕಳು ‘ಕಾಕಾ, ನಂದೊಂದು ತಗೀರಿ’ ಎಂದು ತಾವಾಗಿ ಓಡಿಬಂದು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ, ಹಲ್ಲು ಕಿರಿದು ನಿಂತಾಗ ಏನು ಮಾಡುತ್ತೇವೆ? ಸುಮ್ಮನೆ ಒಂದು ಕ್ಲಿಕ್ ಮಾಡಿ, ನಗು ಇಳಿಯಲಿ ಎಂದು ಕಾಯುತ್ತೇವೆ. ನಗು ಪೋಸು, ಸಪ್ಪೆ ಮೋರೆ ಸತ್ಯ ಎಂದು ತೀರ್ಮಾನಿಸಿದವರು ಯಾರು? ಇಟಲಿಯ ಅಲೆಸ್ಸಿಯೊ ಮಾಮೊ 2011ರಲ್ಲಿ ಉತ್ತರ ಪ್ರದೇಶ, ಮಧ್ಯಪ್ರದೇಶದ ಹಳ್ಳಿಗಳಲ್ಲಿ ಮೇಜಿನ ಮೇಲೆ ನಕಲಿ ಭಕ್ಷ್ಯಗಳನ್ನಿಟ್ಟು, ಬಡವರನ್ನು ಕಣ್ಣು ಮುಚ್ಚಿ ನಿಲ್ಲಿಸಿ ಫೋಟೋ ತೆಗೆದ. 2018ರಲ್ಲಿ ಅವು ಜಾಲತಾಣಕ್ಕೆ ಬಂದಾಗ ಲೋಕವೆಲ್ಲ ಉಗಿಯಿತು. ನಗು ಇಳಿಯಲೆಂದು ಕಾಯುವುದೂ ಅದೇ ದಾರಿಯ ಮೊದಲ ಹೆಜ್ಜೆ, ಸದ್ದಿಲ್ಲದ್ದು ಅಷ್ಟೆ.

ಬೇರೆ ದಾರಿಯೂ ಇದೆ. ಮೈಸೂರಿನ ಫೋಟೋಗ್ರಾಫರ್ ಟಿ.ಎಸ್. ಸತ್ಯನ್ ಯುನಿಸೆಫ್‌ಗಾಗಿ ದೇಶ ಸುತ್ತಿದವರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ನಡೆಯಿತು. ಅವರ ಚಿತ್ರಗಳಲ್ಲಿನ ಮಕ್ಕಳು ಸಾಮಾನ್ಯವಾಗಿ ಏನೋ ಒಂದನ್ನು ಮಾಡುತ್ತಿರುತ್ತಾರೆ, ಆಟವೋ ಪಾಠವೋ. ನೋಡುವವನ ಮರುಕಕ್ಕೆ ಅವರು ಕಾದು ಕೂತಿಲ್ಲ. ತೇರದಾಳದ ಗುಡಿಸಲ ಮಕ್ಕಳಿಗೂ ದಿನವಿಡೀ ಕೆಲಸವಿದೆ: ತಮ್ಮನನ್ನು ಸೊಂಟದ ಮೇಲೆ ಹೊರುವುದು, ನೀರು ತರುವುದು, ಹಳೇ ಟೈರು ಉರುಳಿಸುವುದು. ಅವರ ಮಟ್ಟಕ್ಕೆ ಕುಕ್ಕರಗಾಲಲ್ಲಿ ಕೂತು 35 ಎಂಎಂನಲ್ಲಿ ನೋಡಿದರೆ ಟೈರೂ ಬರುತ್ತದೆ, ಟ್ರಾಲಿಯೂ ಬರುತ್ತದೆ.

ತೆಗೆದದ್ದನ್ನು ಪ್ರಿಂಟು ಹಾಕಿಸಿ ಆ ಮನೆಯವರ ಕೈಗೆ ಕೊಡುವುದೂ ಈ ಕೆಲಸದ ಭಾಗವೇ. ಅದಕ್ಕೆ ಗಡುವಿದೆ. ಕಾರ್ಖಾನೆ ನುರಿಸುವುದನ್ನು ನಿಲ್ಲಿಸಿದ ಮೇಲೆ ಗ್ಯಾಂಗು ಸಾಮಾನು ಹೇರಿಕೊಂಡು ಹೊರಡಲು ಹೆಚ್ಚು ದಿನ ಬೇಕಾಗುವುದಿಲ್ಲ. ಮುಂದಿನ ಹಂಗಾಮಿಗೆ ಅದೇ ಗ್ಯಾಂಗು ಇಲ್ಲಿಗೇ ಬರುತ್ತದೆಂದು ಹೇಳಲು ಮುಕಾದಮನಿಗೂ ಬರುವುದಿಲ್ಲ.